ಅಮ್ಮನಿಗೆ ಮರೆವು, ಅಮೆರಿಕದ ಪೌರತ್ವಕ್ಕೆ ಪರೀಕ್ಷೆ: ಎನ್-648 ಫಾರಂ ಮಾಡಿಸುವುದು ಹೇಗೆ?

ಮಗನ ಮನೆಯಲ್ಲಿರಲೆಂದು ಮೈಸೂರಿನಿಂದ ನ್ಯೂಜೆರ್ಸಿಗೆ ಹೋದ ಅಮ್ಮ. ಗ್ರೀನ್ ಕಾರ್ಡ್ ಸಿಕ್ಕಿ 5 ವರ್ಷ ದಾಟಿದೆ, ಪೌರತ್ವಕ್ಕೆ ಎನ್-400 ಅರ್ಜಿ ಹಾಕಬಹುದು. ಆದರೆ ಇಂಗ್ಲಿಷ್ ಓದಬೇಕು, ಬರೆಯಬೇಕು. ಅಲ್ಲಿನ ಇತಿಹಾಸ, ಸರ್ಕಾರದ ಬಗ್ಗೆ ಕೇಳಿದ್ದಕ್ಕೆ ಉತ್ತರ ಹೇಳಬೇಕು. ಅಮ್ಮನಿಗೋ ಬೆಳಿಗ್ಗೆ ಮಾತ್ರೆ ನುಂಗಿದ್ದೇ ನೆನಪಿರುವುದಿಲ್ಲ. ಇಂಥವರನ್ನು ಈ ಪರೀಕ್ಷೆಗಳಿಂದ ಬಿಡಿಸುವ ಕಾಗದವೇ ಎನ್-648. ಇದಕ್ಕೆ ಶುಲ್ಕವಿಲ್ಲ.

ಮೊದಲು ಇದು ಬೇಕೇ ನೋಡಿ. 55 ದಾಟಿ, ಗ್ರೀನ್ ಕಾರ್ಡ್ ಸಿಕ್ಕಿ 15 ವರ್ಷ ಆಗಿದ್ದರೆ ಇಂಗ್ಲಿಷ್ ಪರೀಕ್ಷೆ ಹೇಗೂ ಇಲ್ಲ, ಇತಿಹಾಸದ ಪ್ರಶ್ನೆಗೆ ಕನ್ನಡದಲ್ಲೇ ಉತ್ತರಿಸಬಹುದು. ‘ವಯಸ್ಸಾಯ್ತು, ಓದು ಬರಹ ಬರಲ್ಲ’ ಅನ್ನುವುದು ಕಾರಣವಾಗುವುದಿಲ್ಲ. ಕಾಯಿಲೆ ಇರಬೇಕು. ಅದೂ 12 ತಿಂಗಳಿಂದ ಇರಬೇಕು, ಇಲ್ಲವೇ ಅಷ್ಟು ಕಾಲ ಇರುವಂಥದ್ದಾಗಿರಬೇಕು.

ಸಹಿ ಹಾಕುವವರು ಅಮೆರಿಕದಲ್ಲಿ ಲೈಸೆನ್ಸ್ ಇರುವ ಡಾಕ್ಟರ್ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರಬೇಕು. ಊರಿನ ಡಾಕ್ಟರ ಸಹಿ ನಡೆಯುವುದಿಲ್ಲ. ಹಾಗಂತ ನಿಮ್ಹಾನ್ಸ್‌ನ ಹಳೇ ಫೈಲು ಇದ್ದರೆ ಬಿಸಾಡಬೇಡಿ. ಮರೆವು ಯಾವಾಗಿಂದ ಅನ್ನೋದಕ್ಕೆ ಅದೇ ಒಳ್ಳೇ ಸಾಕ್ಷಿ.

ಎಡವಟ್ಟಾಗುವುದು ತಪಾಸಣೆಯ ಕೋಣೆಯಲ್ಲಿ. ಡಾಕ್ಟರು ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ಅಮ್ಮ ಸುಮ್ಮನಾಗುತ್ತಾರೆ. ಪಕ್ಕದಲ್ಲಿದ್ದ ಮಗನಿಗೆ ತಡೆಯುವುದಿಲ್ಲ: ‘ಅಮ್ಮಾ, ಮುಖ... ಆಮೇಲೆ? ಕೆಂಪು ಅಂದ್ರಲ್ಲಾ?’ ಅಲ್ಲಿಗೆ ಪರೀಕ್ಷೆ ಕೆಟ್ಟಿತು. ಪ್ರೀತಿಯೇ ಸರಿ, ಆದರೆ ಅಂಕ ಜಾಸ್ತಿಯಾಗಿ ಕಾಯಿಲೆ ಮುಚ್ಚಿಹೋಗುತ್ತದೆ. ಮನೆಯವರಲ್ಲದ, ಕನ್ನಡ ಬಲ್ಲ ದುಭಾಷಿಯನ್ನು ಕೇಳಿ. ಮಗ ಆಚೆ ಕೂತು, ಒಲೆ ಮೇಲೆ ಹಾಲಿಟ್ಟು ಮರೆತದ್ದು, ಮೊಮ್ಮಗಳ ಹೆಸರು ತಪ್ಪಿದ್ದು, ಇವನ್ನೆಲ್ಲ ತಾರೀಖಿನ ಸಮೇತ ಬರೆದುಕೊಡಲಿ.

ಇನ್ನು ಫಾರಂನಲ್ಲಿ ಡಾಕ್ಟರು ಏನು ಬರೆಯಬೇಕು? ‘ಡಿಮೆನ್ಶಿಯಾ ಇದೆ, ಪರೀಕ್ಷೆ ಬರೆಯಲಾರರು’ ಅಂದರೆ ಸಾಲದು. ಕಾಯಿಲೆಗೂ ಕಲಿಯಲಾಗದ್ದಕ್ಕೂ ಏನು ಸಂಬಂಧ ಅಂತ ಪೌರತ್ವದ ಅರ್ಜಿ ನೋಡುವ ಅಧಿಕಾರಿಗೆ ಅರ್ಥವಾಗಬೇಕು. ಹೀಗೆ ಬರೆಯಲಿ: ‘ಹೇಳಿದ ಐದು ಪದಗಳಲ್ಲಿ ಒಂದೂ ಐದು ನಿಮಿಷದ ನಂತರ ನೆನಪಿರಲಿಲ್ಲ. ಹೊಸದನ್ನು ಉಳಿಸಿಕೊಳ್ಳುವ ಶಕ್ತಿ ಕುಂದಿದೆ. ಹಾಗಾಗಿ ಕನ್ನಡದಲ್ಲಿ ಹೇಳಿಕೊಟ್ಟರೂ ಕಲಿಯಲಾರರು.’ ಆ ಕೊನೆಯ ವಾಕ್ಯ ಮುಖ್ಯ. ಅದಿಲ್ಲದಿದ್ದರೆ ಇಂಗ್ಲಿಷ್ ಬೇಡ, ಇತಿಹಾಸವನ್ನಾದರೂ ಕನ್ನಡದಲ್ಲಿ ಹೇಳಲಿ ಅನ್ನಬಹುದು.

ಡಾಕ್ಟರ ಸಹಿ ಎನ್-400 ಹಾಕುವ ದಿನಕ್ಕೆ 180 ದಿನಕ್ಕಿಂತ ಹಳೆಯದಾಗಿರಬಾರದು. ಎರಡನ್ನೂ ಒಟ್ಟಿಗೇ ಕಳಿಸಿ.

ಫಾರಂ ಒಪ್ಪಿದರೆ ಪೌರತ್ವದ ಸಂದರ್ಶನ ದುಭಾಷಿಯ ಮೂಲಕ ಕನ್ನಡದಲ್ಲೇ ನಡೆಯುತ್ತದೆ. ಒಪ್ಪದಿದ್ದರೆ ಅಮ್ಮ ಪರೀಕ್ಷೆಗೆ ಕೂರಬೇಕು. ಅಲ್ಲಿ ಆಗದಿದ್ದರೆ 60ರಿಂದ 90 ದಿನದೊಳಗೆ ಇನ್ನೊಂದು ಅವಕಾಶ ಉಂಟು.

ಪೌರತ್ವ ಪಡೆಯುವಾಗ ಮಾಡುವ ಪ್ರಮಾಣವಚನದ ವಿಷಯ ಬೇರೆ. ಅದರ ಅರ್ಥವೂ ಅಮ್ಮನಿಗೆ ಆಗದಷ್ಟು ಮರೆವಿದ್ದರೆ ಅದಕ್ಕೂ ವಿನಾಯಿತಿ ಇದೆ, ಆದರೆ ಡಾಕ್ಟರು ಬರೆದಿರಬೇಕು. ಅದೇ ಭೇಟಿಯಲ್ಲಿ ಬರೆಸಿಕೊಳ್ಳಿ.