ಹಳೇ ಮನೆ ಕೆಡವುವ ಮೊದಲು ಒಮ್ಮೆ ನೋಡಿ

ಹೊಸ ಮನೆ ಕಟ್ಟಬೇಕು ಅಂತಿರುವವರು ಹಳೆಯದನ್ನು ಸುಮ್ನೆ ಕೆಡವಬೇಡಿ. ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಪಾಯ, ಕಂಬ, ತಾರಸಿ ಗಟ್ಟಿಯಿದ್ದರೆ ಉಳಿಸಿಕೊಳ್ಳಿ. ಸಿಮೆಂಟು, ಕಬ್ಬಿಣ ಜಾಸ್ತಿ ಸೇರಿರುವುದು ಅಲ್ಲೇ ಅಲ್ವಾ? ಸಿಮೆಂಟಿಗಾಗಿ ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡುತ್ತಾರೆ. ಉರುವಲಿನ ಹೊಗೆ ಒಂದು ಕಡೆಯಾದರೆ, ಕಲ್ಲಿನೊಳಗಿಂದಲೇ ಹೊರಬರುವ, ಭೂಮಿಯ ಬಿಸಿ ಏರಿಸುವ ಕಾರ್ಬನ್ ಡೈಆಕ್ಸೈಡ್ ಅದಕ್ಕಿಂತ ಜಾಸ್ತಿ. ಉರುವಲು ಬದಲಿಸಿದರೂ ಅದು ನಿಲ್ಲುವುದಿಲ್ಲ.

ಹೊಸ ಕಾಂಕ್ರೀಟ್ ಹಾಕಲೇಬೇಕಾದ ಕಡೆ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಉಳಿಯುವ ನುಣ್ಣನೆಯ ಬೂದಿ) ಇಲ್ಲವೇ ಸ್ಲ್ಯಾಗ್ (ಕಬ್ಬಿಣ ತಯಾರಿಸುವಾಗ ಉಳಿಯುವ ಕಿಟ್ಟ) ಬೆರೆತ ಸಿಮೆಂಟ್ ಆಗುತ್ತದೆಯಾ ಅಂತ ಎಂಜಿನಿಯರ್‌ನ ಕೇಳಿ. ಅದರಲ್ಲಿ ಸುಟ್ಟ ಸುಣ್ಣದ ಕಲ್ಲಿನ ಪಾಲು ಕಡಿಮೆ. ಆದರೆ ಅಂಥ ಸಿಮೆಂಟ್ ಬಲ ಪಡೆಯುವುದು ಸ್ವಲ್ಪ ನಿಧಾನ. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೊಡುವ ಹಲಗೆ, ಕಂಬಗಳ ಆಸರೆ) ಬಿಚ್ಚಲು ಅವಸರ ಬೇಡ. ಕ್ಯೂರಿಂಗ್‌ನಲ್ಲಂತೂ (ಕಾಂಕ್ರೀಟನ್ನು ಒದ್ದೆಯಾಗಿ ಇಡುವುದರಲ್ಲಿ) ಜಿಪುಣತನ ಮಾಡಲೇಬೇಡಿ. ಒದ್ದೆ ಗೋಣಿತಾಟು ಹೊದಿಸಿ, ಆಗಾಗ ಅಂಗೈ ಇಟ್ಟು ನೋಡಿ. ತಣ್ಣನೆಯ ತೇವ ತಾಗದಿದ್ದರೆ ತಕ್ಷಣ ನೀರು ಹಾಕಿ.