ಟೈಪ್ 1 ಶುಗರ್ ಇರೋರಿಗೆ ಸ್ಕ್ಯಾನಲ್ಲಿ ಫ್ಯಾಟಿ ಲಿವರ್ ಅಂತ ಬಂದ್ರೆ ಏನ್ ಮಾಡ್ಬೇಕು
ಗಾಬರಿ ಬೇಡ, ಆದ್ರೆ ರಿಪೋರ್ಟ್ ಮಡಚಿ ಇಟ್ಟುಬಿಡ್ಲೂ ಬೇಡಿ. ಮೊದಲು ಡಾಕ್ಟರ್ ಹತ್ರ ಇದು ನಿಜವಾಗ್ಲೂ ಕೊಬ್ಬಾ ಇಲ್ಲಾ ಗ್ಲೈಕೋಜನ್ನಾ (ಲಿವರ್ ಕೂಡಿಟ್ಕೊಳ್ಳೋ ಸಕ್ಕರೆ) ಅಂತ ಕೇಳ್ಲೇಬೇಕು, ಯಾಕಂದ್ರೆ ಶುಗರ್ ತುಂಬಾ ದಿನ ಹೈ ಇದ್ದು ಅದನ್ನ ಇಳಿಸೋಕೆ ಮತ್ತೆ ಮತ್ತೆ ಜಾಸ್ತಿ ಇನ್ಸುಲಿನ್ ತಗೊಂಡಾಗ ಲಿವರಲ್ಲಿ ಗ್ಲೈಕೋಜನ್ ತುಂಬ್ಕೊಂಡು ಊದುತ್ತೆ, ರಕ್ತದಲ್ಲಿ ಎಎಲ್‌ಟಿ ಅನ್ನೋ ಲಿವರ್ ಎಂಜೈಮ್ ಏರುತ್ತೆ, ಅಲ್ಟ್ರಾಸೌಂಡಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಗ್ಲೈಕೋಜನ್ ಆದ್ರೆ ಶುಗರ್ ಹತೋಟಿಗೆ ಬಂದ್ಮೇಲೆ ಸಾಮಾನ್ಯವಾಗಿ ಸರಿಹೋಗುತ್ತೆ. ಕೊಬ್ಬೇ ಆದ್ರೆ ವಯಸ್ಸು, ಎಎಸ್‌ಟಿ (ಇದೂ ಒಂದು ಲಿವರ್ ಎಂಜೈಮ್), ಎಎಲ್‌ಟಿ, ಪ್ಲೇಟ್ಲೆಟ್ ಇಟ್ಕೊಂಡು ಫಿಬ್-4 (ಲಿವರಲ್ಲಿ ಗಾಯದ ಕಲೆ ಆಗಿರ್ಬಹುದಾ ಅಂತ ಅಂದಾಜು ಮಾಡೋ ಸ್ಕೋರ್) ಲೆಕ್ಕ ಹಾಕ್ಸಿ, 1.3 ದಾಟಿದ್ರೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಸ್ಕ್ಯಾನ್) ಬೇಕಾ ಕೇಳಿ. ತೂಕ ಜಾಸ್ತಿ ಇದ್ರೆ 7ರಿಂದ 10 ಪರ್ಸೆಂಟ್ ನಿಧಾನಕ್ಕೆ ಇಳಿಸಿ, ಊಟ ಕಮ್ಮಿ ಮಾಡ್ದಾಗ ಶುಗರ್ ಲೋ ಆಗ್ದಂಗೆ ಇನ್ಸುಲಿನ್ ಡೋಸ್ ಡಾಕ್ಟರ್ ಜೊತೆ ಹೊಂದಿಸ್ಕೊಳ್ಳಿ, ಆದ್ರೆ ದಯವಿಟ್ಟು ತೂಕ ಇಳೀಲಿ ಅಂತ ಇನ್ಸುಲಿನ್ ಮಾತ್ರ ಬಿಡ್ಬೇಡಿ, ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲ್ದೆ ರಕ್ತದಲ್ಲಿ ಆಸಿಡ್ ಏರೋದು) ಆದ್ರೆ ಜೀವಕ್ಕೇ ಅಪಾಯ.