ಒಳಲೆ ಎಲ್ಲಿಟ್ಟೆ ಅಂತ ಕೇಳಬೇಡಿ

ಬಾಣಂತಿಗೆ ನಿದ್ದೆ ಇಲ್ಲ ಅಂತ ಎಲ್ಲರಿಗೂ ಗೊತ್ತು. ಅವಳ ಗಂಡನಿಗೂ ನಿದ್ದೆ ಇರುವುದಿಲ್ಲ, ಅದು ಯಾರಿಗೂ ಹೊಳೆಯುವುದಿಲ್ಲ. ಅರ್ಧರಾತ್ರಿ ಅವನ ಕೈಗೆ ತಲೆಮಾರಿನ ಬೆಳ್ಳಿ ಸಾಮಾನು ಕೊಡುತ್ತೀರಿ, ಬೆಳಿಗ್ಗೆ ಕಾಣದಿದ್ದರೆ ಬೈಯುತ್ತೀರಿ.

ನಮ್ಮ ಮನೆಯ ಒಳಲೆ ಅತ್ತೆಯ ತವರು ನಂಜನಗೂಡಿನಿಂದ ಬಂದದ್ದು. ಮಗುವಿಗೆ ಹಾಲು ಹಾಕುವ, ಅಂಗೈಯಲ್ಲಿ ಕೂರುವಷ್ಟು ಬೆಳ್ಳಿ ಬಟ್ಟಲು, ಮುಂದಕ್ಕೆ ಚಾಚಿದ ಮೂತಿ. ಅಂಚಿನಲ್ಲಿ ಎರಡು ಸಣ್ಣ ತಗ್ಗು. ನನ್ನ ಮಗ ಹಲ್ಲು ಬರುವಾಗ ಕಚ್ಚಿದ ಗುರುತು ಅದು. 1988ರಲ್ಲಿ ಅವನಿಗೆ ಹಾಲು ಹಾಕಿದ್ದು ಅದರಲ್ಲೇ. ಈಗ ಅವನ ಮಗಳಿಗೂ ಅದೇ.

ಹೋದ ತಿಂಗಳು ಒಂದು ರಾತ್ರಿ ಸೊಸೆ ಹಿಂಡಿಟ್ಟ ಹಾಲನ್ನು ಮಗುವಿಗೆ ಹಾಕಿದವನು ನನ್ನ ಮಗ. ಒಳಲೆ ತೊಳೆದವನೂ ಇವನೇ. ಬೆಳಿಗ್ಗೆ ನೋಡಿದರೆ ಒಳಲೆ ಇಲ್ಲ. "ಇಲ್ಲೇ ಇಟ್ಟಿದ್ದೆ ಅಮ್ಮಾ" ಅಂತ ಸಿಂಕಿನ ಕಟ್ಟೆ ಸವರುತ್ತಾ ನಿಂತಿದ್ದ. ಉಳಿದವರು ಅಡುಗೆಮನೆ ಡಬ್ಬಗಳನ್ನೆಲ್ಲ ಕೆಳಗಿಳಿಸಿದರು. ಕೆಲಸಕ್ಕೆ ಬರುವವಳನ್ನು ಒಂದು ಮಾತು ಕೇಳೋಣವಾ ಅಂದರು ಒಬ್ಬರು. ನನಗೆ ಮೈಯೆಲ್ಲ ಉರಿಯಿತು. ಮನೆಯ ಮೂಲೆಗಳನ್ನು ಹುಡುಕುವ ಮೊದಲೇ ಇನ್ನೊಬ್ಬರ ಮೇಲೆ ಅನುಮಾನವಾ?

ಎಲ್ಲಿಟ್ಟೆ ಅಂತ ಅವನಿಗೆ ಗೊತ್ತಿದ್ದರೆ ಅದು ಕಳೆಯುತ್ತಿತ್ತೇ? ಕೇಳಬೇಕಾದದ್ದು ಬೇರೆ. ಅವನನ್ನು ಕೂರಿಸಿ ಕಾಫಿ ಕೊಟ್ಟೆ. "ಆಗ ಇನ್ನೊಂದು ಕೈಯಲ್ಲಿ ಏನಿತ್ತು ಮಗಾ?" ಅಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ, "ಪಾಪುವಿನ ಒದ್ದೆ ಬಟ್ಟೆ" ಅಂದ. ನೆನೆಹಾಕಿದ ಬಕೆಟ್ಟಿಗೆ ಕೈ ಹಾಕಿದರೆ ತಳದಲ್ಲಿತ್ತು ಒಳಲೆ. ಎರಡು ಕೈಯಲ್ಲಿದ್ದದ್ದನ್ನೂ ಒಂದೇ ಕಡೆ ಬಿಟ್ಟು ಬಂದಿದ್ದ.

ಇನ್ನು ಇಡುವ ರೀತಿ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಹಾಲು ಹಾಕಿದ ತಕ್ಷಣ ಬಿಸಿನೀರಲ್ಲಿ ತೊಳೆಯಬೇಕು. ಮೂತಿಯ ಸಂದಿಯಲ್ಲಿ ಹಾಲು ಒಣಗಿ ಕೂರುತ್ತದೆ, ಬೆರಳು ಹೋಗುವುದಿಲ್ಲ. ದೀಪಕ್ಕೆ ಹೊಸೆಯುವ ಹಾಗೆ ಒಂದು ಬತ್ತಿ ಗಟ್ಟಿಯಾಗಿ ಹೊಸೆದು, ಒದ್ದೆ ಮಾಡಿ, ಅಲ್ಲಿ ಹಿಂದೆ ಮುಂದೆ ಎಳೆಯಿರಿ. ಬತ್ತಿ ಬಿಳಿಯಾಗಿಯೇ ಹೊರಬರುವ ತನಕ ಬಿಡಬೇಡಿ. ಆಮೇಲೆ ಕುದಿಯುವ ನೀರಲ್ಲಿ ಸ್ವಲ್ಪ ಹೊತ್ತು ಹಾಕಿ ತೆಗೆಯಿರಿ. ಕಪ್ಪಾಗಿದ್ದರೆ ಹೊರಮೈಗೆ ಮಾತ್ರ ಚಿಟಿಕೆ ವಿಭೂತಿ ಹಚ್ಚಿ ತಿಕ್ಕಿ, ಚೆನ್ನಾಗಿ ತೊಳೆದು, ಮತ್ತೆ ಕುದಿಸಿ. ಹುಣಸೆಹಣ್ಣು ಹಿತ್ತಾಳೆ ದೀಪಕ್ಕಿರಲಿ.

ನೀರು ಪೂರಾ ಆರಬೇಕು. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ. ಗಂಜಿ ಹಾಕಿದ್ದಲ್ಲ, ಒಗೆದು ಒಗೆದು ಮೆತ್ತಗಾದದ್ದು. ಮೂತಿ ಒಳಗೆ ಬರುವ ಹಾಗೆ ಮಡಚಿ ಕೆಂಪು ದಾರದಲ್ಲಿ ಕಟ್ಟಿ. ರಬ್ಬರ್ ಬ್ಯಾಂಡ್ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ರಬ್ಬರಿನಲ್ಲಿ ಗಂಧಕ ಇರುತ್ತದೆ, ತಾಗಿದ ಕಡೆ ಬೆಳ್ಳಿಗೆ ಕಪ್ಪು ಗೆರೆ ಬೀಳುತ್ತದೆ. ಪಕ್ಕದಲ್ಲಿ ಕರ್ಪೂರ, ನುಸಿಗುಳಿಗೆ ಬೇಡವೇ ಬೇಡ. ಮಗುವಿಗೆ ಅವು ವಿಷ.

ಆ ಕೆಂಪು ದಾರಕ್ಕೆ ಇನ್ನೂ ಒಂದು ಕೆಲಸ ಇದೆ. ಒಳಲೆ ತೆಗೆದವರು ದಾರವನ್ನು ತಮ್ಮ ಮಣಿಕಟ್ಟಿಗೆ ಸುತ್ತಿಕೊಳ್ಳಬೇಕು. ಒಳಲೆ ಗಂಟು ಸೇರುವ ತನಕ ಅದನ್ನು ಬಿಚ್ಚುವ ಹಾಗಿಲ್ಲ. ಅತ್ತೆ ನನಗೆ ಹೀಗೇ ಕಲಿಸಿದ್ದರು, ನಾನು ಮಗನಿಗೆ ಹೇಳುವುದನ್ನು ಮರೆತಿದ್ದೆ. ಮೊನ್ನೆ ಅವನು ದಾರ ಸುತ್ತಿಕೊಂಡೇ ಆಫೀಸಿಗೆ ಹೊರಟಿದ್ದ. ಗೇಟಿನ ಹತ್ತಿರ ಕೈ ನೋಡಿಕೊಂಡು ವಾಪಸ್ ಬಂದ. ಒಳಲೆ ಇನ್ನೂ ಒಲೆಯ ಪಕ್ಕದ ನೀರಲ್ಲೇ ಇತ್ತು. ಒರೆಸಿ, ಸುತ್ತಿ, ದಾರ ಕಟ್ಟಿ, ಬೀರುವಿನ ಮೇಲಿನ ಖಾನೆಯಲ್ಲಿ ಎಡಕ್ಕೆ ಇಟ್ಟು ಹೋದ.